ಆರಾಮದ ಖಾನೆ

ಶಹಾಬಾದ ಸ್ಟೇಷನ್ನಿನಿಂದ ವಾಡಿಯ ಕಡೆಗೆ ಒಂದು ಮೈಲಿ ನಡೆದರೆ ಫರಸಿಕಲ್ಲು ಕಡಿದು ಪಾಲಿಶ್ ಮಾಡುವ ಒಂದು ಕಾರಖಾನೆ ಇತ್ತು. ಅದರ ಹಿಂದೆ ಇಪ್ಪತ್ತೆರಡು ಖೋಲಿಗಳ ಚಾಳ. ಖೋಲಿಗಳ ಗೋಡೆ, ನೆಲ, ಮಾಳಿಗೆ ಎಲ್ಲವೂ ಫರಸಿಯವೇ. ಮೂಲೆ ಮುರಿದು, ಸೀಳು ಬಿಟ್ಟು, ಗಿರಾಕಿ ಬೇಡವೆಂದು ಬಿಟ್ಟುಹೋದ ಕಲ್ಲು. ಬೇಸಿಗೆಯಲ್ಲಿ ಅವು ರೊಟ್ಟಿ ಹಂಚಿನಂತೆ ಕಾಯುತ್ತಿದ್ದವು, ಮಳೆಗಾಲದಲ್ಲಿ ಸೋರುತ್ತಿದ್ದವು. ಆದರೂ ಒಬ್ಬ ಬಿಟ್ಟ ಖೋಲಿ ಎರಡನೇ ದಿನ ಖಾಲಿ ಇದ್ದದ್ದನ್ನು ಯಾರೂ ನೋಡಿರಲಿಲ್ಲ.

ಚಾಳದ ನಿಯಮ ಒಂದೇ. ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ ಖೋಲಿ. ಹೆಸರು ಹೋದರೆ ಹದಿನೈದು ದಿನದಲ್ಲಿ ಬಿಡಬೇಕು. ಹಿಂದಿನ ವರ್ಷ ಒಂಬತ್ತನೇ ಖೋಲಿಯ ಸಾಯಬಣ್ಣ ಎದೆ ನೋಯುತ್ತದೆಂದು ಕಾರಖಾನೆಯ ಡಾಕ್ಟರರ ಹತ್ತಿರ ಹೋದ. ಡಾಕ್ಟರು ಚೀಟಿಯ ಮೇಲೆ 'ಅನ್‌ಫಿಟ್' ಎಂದು ಬರೆದರು. ಹದಿನಾರನೇ ದಿನ ಸಾಯಬಣ್ಣನ ಕೊಡಪಾನ, ಕೌದಿ ಎಲ್ಲವೂ ಒಂದು ಬಂಡಿಯಲ್ಲಿದ್ದವು. ಬಂಡಿ ಎಲ್ಲಿಗೆ ಹೊಡೆಯಬೇಕೆಂದು ಬಂಡಿಯವನು ಕೇಳಿದಾಗ ಸಾಯಬಣ್ಣ ಕೌದಿಯ ಗಂಟು ಬಿಚ್ಚಿ ಮತ್ತೆ ಕಟ್ಟಿದ. ಅದನ್ನು ಚಾಳದವರೆಲ್ಲ ನೋಡಿದ್ದರು.

ಹದಿನಾಲ್ಕನೇ ಖೋಲಿಯ ಶಿವರಾಯನೂ ನೋಡಿದ್ದ. ಅವನಿಗೆ ಆಗಲೇ ಕೆಮ್ಮು ಶುರುವಾಗಿತ್ತು.

ಅವನ ಕೆಲಸ ತಗಡಿನ ಶೆಡ್ಡಿನಲ್ಲಿ. ಕಲ್ಲಿನ ಅಂಚನ್ನು ಉಳಿಯಿಂದ ಕಡಿದು ನೇರ ಮಾಡುವುದು, ಆಮೇಲೆ ಮರಳು ಹಾಕಿ ಉಜ್ಜುವುದು. ಹನ್ನೊಂದು ವರ್ಷ ಇದನ್ನೇ ಮಾಡಿದ್ದ. ಈಗ ಬೆಳಿಗ್ಗೆ ಎದ್ದಾಗ ಉಗುಳಿದರೆ ಉಗುಳಿನಲ್ಲಿ ಕಲ್ಲಿನ ಬಣ್ಣ ಕಾಣುತ್ತಿತ್ತು. ಚಿಂಚೋಳಿ ತಾಲೂಕಿನ ಐನಾಪುರ ಅವನ ಊರು. ಅಲ್ಲಿ ಅಪ್ಪನ ಮನೆಯಲ್ಲಿ ಅವನ ಪಾಲಿಗೆ ಒಂದು ಅಂಕಣ ಇತ್ತು. ಎರಡು ವರ್ಷದ ಹಿಂದೆ ಹೋಗಿ ನೋಡಿದಾಗ ಅಣ್ಣ ಅದರಲ್ಲಿ ಎತ್ತು ಕಟ್ಟಿದ್ದ. "ನೀ ಬಂದ್ರ ಎತ್ತು ಎಲ್ಲಿ ಕಟ್ಲಿ?" ಎಂದು ಅಣ್ಣ ಕೇಳಿದ. ಜಗಳ ಮಾಡಬೇಕೆಂದು ಕೇಳಿರಲಿಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ದೀಪಾವಳಿ ಮುಗಿದ ವಾರ, ಶಿವರಾಯ ಕಾರಖಾನೆಯ ಆಫೀಸಿಗೆ ಹೋಗಿ ಮ್ಯಾನೇಜರ್ ಮಡಿವಾಳಯ್ಯನ ಎದುರು ನಿಂತ. ಗೇಟಿನ ಮುದುಕ ಚೌಕಿದಾರ ಸಂಕ್ರಾಂತಿಗೆ ಕೆಲಸ ಬಿಟ್ಟು ಊರಿಗೆ ಹೋಗುವವನಿದ್ದ.

"ಅಯ್ನೋರ, ಗೇಟಿನ ಕೆಲಸ ನನಗ ಕೊಡಸ್ರಿ."

"ಯಾಕ, ಶೆಡ್ಡಿನಾಗ ಏನಾಗ್ಯಾದ?"

"ಧೂಳ ತಡಿಯಾಕ ಆಗವಲ್ದ್ರಿ."

ಮಡಿವಾಳಯ್ಯ ಲೇಖನಿ ಕೆಳಗಿಟ್ಟ. "ಧೂಳ ತಡಿಯಂಗಿಲ್ಲಂತ ನಾ ಬರದ್ರ ಮಾಲಕರು ಡಾಕ್ಟರ ಕಡಿ ಕಳಸು ಅಂತಾರ. ಡಾಕ್ಟರ ಬಲ್ಲಿ ಎರಡೇ ಮಾತು. ಫಿಟ್, ಇಲ್ಲಾಂದ್ರ ಅನ್‌ಫಿಟ್. ನಡುವಿಂದು ಇಲ್ಲ."

"ನನಗ ನಡುವಿಂದೇ ಬೇಕಾಗ್ಯಾದ್ರಿ."

ಮಡಿವಾಳಯ್ಯ ನಗಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದ: "ಹಿಂಗ ಮಾಡು. ಬರೂ ಆಯ್ತಾರ ಹೈದರಾಬಾದಿನ ಸರಕಾರಿ ದಫ್ತರದಿಂದ ಒಬ್ಬವ ಬರ್ತಾನ. ಕೆಲಸ ಹ್ಯಾಂಗದ, ಮನಿ ಹ್ಯಾಂಗದ, ಮೈ ತಬಿಯತ್ ಹ್ಯಾಂಗದ, ಸರಕಾರದ ಬಗ್ಗೆ ಏನಂತೀರಿ ಅಂತ ಎಲ್ಲಾರಿಗೂ ಕೇಳಿ ಬರ್ಕೊಂತಾನ. ಅವನ ಮುಂದ ಹೇಳು. ಧೂಳಿಂದ ಕೆಮ್ಮು ಬಂದದ, ಹಗುರ ಕೆಲಸ ಇದ್ರ ಮಾಡ್ತೀನಿ ಅಂತ. ಸರಕಾರಿ ಕಾಗದದಾಗ ಬಂತಂದ್ರ ಗೇಟಿಗೆ ನಿನ್ನ ಹೆಸರು ನಾ ಇಡ್ತೀನಿ. ಮಾಲಕರು ಇಲ್ಲ ಅನ್ನಂಗಿಲ್ಲ. ಡಾಕ್ಟರ ಮಾತೇ ಬರಂಗಿಲ್ಲ."

ಶಿವರಾಯ ಮನೆಗೆ ಬಂದು ಹೆಂಡತಿ ಸಾಬಮ್ಮನಿಗೆ ಹೇಳಿದ. ಸಾಬಮ್ಮನಿಗೆ ಖೋಲಿಯ ಚಿಂತೆ ಅವನಿಗಿಂತ ಹೆಚ್ಚು. ಸೇಡಮ್ಮಿಗೆ ಕೊಟ್ಟ ಮಗಳು ಗುಂಡಮ್ಮನಿಗೆ ಐದು ತಿಂಗಳು. ಚೊಚ್ಚಲು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಸಂಕ್ರಾಂತಿ ಕಳೆದ ಮೇಲೆ ಕರೆತರುವುದೆಂದು ಬೀಗರಿಗೆ ಮಾತು ಕೊಟ್ಟಾಗಿತ್ತು. ತವರೆಂದರೆ ಈ ಹತ್ತಡಿ ಖೋಲಿ.

ಶನಿವಾರ ಸಾಬಮ್ಮ ರೊಟ್ಟಿ ಬಡಿಯುತ್ತ ಗಂಡನಿಗೆ ಪಾಠ ಹೇಳಿಸಿದಳು.

"ಏನ್ ಹೇಳ್ತೀರಿ, ಹೇಳ್ರಿ ನೋಡೂನು."

"ಹಗುರ ಕೆಲಸ ಬೇಕ್ರಿ, ಕೆಮ್ಮು ಅದ."

"ಮೊದಲಿಗೇ ಹಗುರ ಕೆಲಸ ಅನಬ್ಯಾಡ್ರಿ. ಬೇಡಿದಂಗ ಆಗ್ತದ. ಮೊದಲು ಕೆಮ್ಮು ಅನ್ರಿ. ಆಮ್ಯಾಲ ಧೂಳು. ಕಡೀಕ ಕೆಲಸ."

"ಕೆಮ್ಮು ಅದ್ರಿ. ಧೂಳಿಂದ ಬಂದದ್ರಿ. ಹಗುರ ಕೆಲಸ ಇದ್ರ ಮಾಡ್ತೀನ್ರಿ."

"ಹಾಂ. ಹಂಗ."

ಭಾನುವಾರ ಬಂದವನ ಹೆಸರು ಸಿರಾಜುದ್ದೀನ. ಮೂವತ್ತರ ಒಳಗಿನ ಗುಮಾಸ್ತ, ಶೇರವಾನಿಯ ತೋಳು ಸವೆದಿತ್ತು. ತಾಯಿಯ ತವರು ಚಿತ್ತಾಪುರವಾದ್ದರಿಂದ ಅವನಿಗೆ ಕನ್ನಡ ಬರುತ್ತಿತ್ತು, ಅದಕ್ಕೇ ಅವನನ್ನು ಕಳಿಸಿದ್ದರು. ಅವನ ಹತ್ತಿರ ಉರ್ದುವಿನಲ್ಲಿ ಅಚ್ಚಾದ ದೊಡ್ಡ ಹಾಳೆಗಳಿದ್ದವು. ಹಾಳೆಗೆ ಗೆರೆ ಎಳೆದು ಖಾನೆ ಮಾಡಿದ್ದರು, ಒಂದೊಂದು ಪ್ರಶ್ನೆಗೆ ಒಂದೊಂದು ಖಾನೆ. ಬೇವಿನ ಮರದ ಕೆಳಗೆ ಒಂದು ಫರಸಿಯ ಮೇಲೆ ಅವನನ್ನು ಕೂಡಿಸಿದರು. ಖೋಲಿಯ ನಂಬರಿನ ಪ್ರಕಾರ ಒಬ್ಬೊಬ್ಬರನ್ನು ಕರೆಯುವುದೆಂದಾದರೂ ಚಾಳಕ್ಕೆ ಚಾಳವೇ ಸುತ್ತ ಕುಳಿತಿತ್ತು.

ಸರಕಾರದ ಮಾತಿಗೆ ಎಲ್ಲರಿಗೂ ನಾಲಿಗೆ ಬಂತು. ಮೊದಲನೇ ಖೋಲಿಯವನನ್ನು ಕೇಳಿದರೆ ಹದಿನೈದನೆಯ ಖೋಲಿಯ ಮುದುಕ ಗನಿಸಾಬ ಉತ್ತರ ಕೊಡುತ್ತಿದ್ದ.

"ಸರಕಾರದ ಬಗ್ಗೆ ನಿಮ್ಮ ರಾಯ, ಅಂದ್ರ ಅಭಿಪ್ರಾಯ, ಏನು?"

"ಯಾವ ಸರಕಾರ ಸಾಬ್?" ಎಂದ ಗನಿಸಾಬ. "ಹೋದದ್ದಾ, ಇರೂದಾ, ಬರೂದಾ?"

"ಇರೂದು, ಚಾಚಾ."

"ಈ ಹೈದರಾಬಾದ ಸರಕಾರ ಬರೂ ವರ್ಷ ಇರಂಗಿಲ್ಲಂತ ಪೇಪರಿನಾಗ ಬಂದದ. ಹೋಗವರ ಬಗ್ಗೆ ಕೆಟ್ಟ ಮಾತು ಯಾಕ? ಛಲೋ ಅದ ಅಂತ ಬರೀರಿ."

"ನಾವು ಮೈಸೂರಿಗೆ ಸೇರ್ತೀವಂತ ಖರೇನ್ರಿ?" ಎಂದು ಇನ್ನೊಬ್ಬ ಕೇಳಿದ. "ಅಲ್ಲಿ ರಾಗಿ ಮುದ್ದಿ ತಿಂತಾರಂತ. ಅಗಿಯಂಗಿಲ್ಲಂತ, ನುಂಗೂದೇ ಅಂತ."

"ನಿನಗ ಹಲ್ಲೆಲ್ಲಿ ಅವ? ನಿನಗ ಛಲೋನೇ ಆಯ್ತು."

"ಸೇಡಮ್ಮಿನ ಮಂದಿ ತೆಲುಗರ ಕಡಿ ಹೋಗ್ತೀವಿ ಅನ್ನಾಕತ್ಯಾರ. ಅನ್ನ ಸಿಗ್ತದಂತ."

"ಎಲ್ಲಿಗರೆ ಹೋಗ್ರಿ," ಎಂದ ಗನಿಸಾಬ, "ಫರಸಿ ಇಲ್ಲೇ ಇರ್ತದ. ಕಡಿಯವರೂ ಇಲ್ಲೇ ಇರ್ತೀವಿ. ಸಾಬ್, ನಿಮ್ಮ ದಫ್ತರ ಎಲ್ಲಿಗೆ ಹೋಗ್ತದ?"

ಸಿರಾಜುದ್ದೀನ ತಲೆ ಎತ್ತಲಿಲ್ಲ. "ರಾಜ್ಯದ ಜೋಡಿ ಅಲಮಾರಿನೂ ಮೂರು ಪಾಲು ಮಾಡ್ತಾರಂತ. ನನ್ನ ಯಾವ ಅಲಮಾರಿ ಜೋಡಿ ಕಟ್ಟಿ ಕಳಸ್ತಾರೋ ಗೊತ್ತಿಲ್ಲ."

ಎಲ್ಲರೂ ನಕ್ಕರು. ಅವನೂ ನಕ್ಕ.

"ಹದಿನಾಲ್ಕು."

ಶಿವರಾಯ ಎದ್ದು ಹೋಗಿ ಎದುರು ಕುಳಿತ. ಬಾಯಲ್ಲಿ ಮೂರು ಮಾತು ಸಾಲಾಗಿ ಇಟ್ಟುಕೊಂಡಿದ್ದ: ಕೆಮ್ಮು, ಧೂಳು, ಕೆಲಸ. ಸಾಬಮ್ಮ ಖೋಲಿಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಸಿರಾಜುದ್ದೀನ ಹೊಸ ಹಾಳೆ ತೆಗೆದು, ಮುಖ ನೋಡಿ, "ಆರಾಮ ಅದೀರೇನ್ರಿ?" ಎಂದ.

"ಆರಾಮ ಅದೀನ್ರಿ ಸಾಹೇಬ್ರ. ನೀವು?"

"ಆರಾಮ," ಎನ್ನುತ್ತ ಅವನು ಬರೆದುಕೊಂಡ. "ಎಷ್ಟು ವರ್ಷ ಆಯ್ತು ಕೆಲಸಕ್ಕ?"

"ಹನ್ನೊಂದ್ರಿ."

"ಕೆಲಸ ಹ್ಯಾಂಗದ?"

"ನಡದದ್ರಿ." ಇನ್ನು ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಶಿವರಾಯ ಕಾದ.

"ಖೋಲಿ?"

"ಮಳಿ ಬಂದ್ರ ಸೋರ್ತದ್ರಿ."

"ಸರಕಾರದ ಬಗ್ಗೆ ರಾಯ?"

"ಅವನ ಹೆಸರಿನಾಗೇ ರಾಯ ಅದ ಸಾಬ್," ಎಂದ ಗನಿಸಾಬ ಹಿಂದಿನಿಂದ. "ಬಾಯಾಗ ಇಲ್ಲ. ಛಲೋ ಅಂತ ಬರೀರಿ."

ನಗೆ ಎದ್ದಿತು. ಸಿರಾಜುದ್ದೀನ ಬರೆದು, ಮಸಿಯ ಡಬ್ಬಿ ಮುಂದೆ ಸರಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡ. ಶಿವರಾಯ ಏಳಲಿಲ್ಲ.

"ಮತ್ತೇನೂ ಕೇಳಂಗಿಲ್ಲೇನ್ರಿ?"

"ಎಲ್ಲಾ ಖಾನೆ ತುಂಬ್ಯಾವ."

"ಹಗುರ ಕೆಲಸ ಒಂದು ಇದ್ರ…"

"ಅದು ನನ್ನ ಹಾಳಿಯಾಗ ಬರಂಗಿಲ್ಲ. ಮಾಲಕರಿಗೆ ಅರ್ಜಿ ಕೊಡ್ರಿ. ಹದಿನೈದು."

ಸಿರಾಜುದ್ದೀನ ಹಿಡಿಯಬೇಕಾದ ವಾಡಿ ಪ್ಯಾಸೆಂಜರಿಗೆ ಇನ್ನು ಮುಕ್ಕಾಲು ಗಂಟೆ ಇತ್ತು, ಎಂಟು ಖೋಲಿ ಉಳಿದಿದ್ದವು. ಶಿವರಾಯ ಎದ್ದು ಬಂದ.

"ಕೆಮ್ಮಿನ ಮಾತು ಅವ ಕೇಳಲೇ ಇಲ್ಲ," ಎಂದ ಹೆಂಡತಿಗೆ.

"ನಾನೂ ಕೇಳಸ್ಕೊಂಡೆ. ಅವ ಕೇಳಲಿಲ್ಲ," ಎಂದಳು ಸಾಬಮ್ಮ. ಆ ಹಾಳೆಯಲ್ಲಿ ತಬಿಯತ್ತಿನ ಖಾನೆ ಇಲ್ಲವೇನೋ ಎಂದು ಇಬ್ಬರೂ ತಿಳಿದರು.

ಸಂಕ್ರಾಂತಿಯ ಮರುದಿನ ಗೇಟಿನಲ್ಲಿ ಹೊಸ ಮುಖ ಕುಳಿತಿತ್ತು. ಮಾಲಕರ ಮೋಟಾರಿನ ಡ್ರೈವರನ ತಮ್ಮ. ಇಪ್ಪತ್ತೈದರ ಹುಡುಗ, ಎದೆ ಎರಡು ಗೇಣು ಅಗಲ. ಶಿವರಾಯ ಶೆಡ್ಡಿಗೆ ಹೋಗದೆ ನೇರ ಆಫೀಸಿಗೆ ಹೋದ.

ಮಡಿವಾಳಯ್ಯ ಕಪಾಟಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹರಡಿದ. "ಎಲ್ಲಾ ಹಾಳಿ ಕೂಡಿಸಿ ಹೈದರಾಬಾದಿನಿಂದ ಒಂದು ನಕಲು ಬಂದದ. ನಿನಗ ಉರ್ದು ಓದಾಕ ಬರಂಗಿಲ್ಲ, ಆದ್ರ ನೋಡು. ಈ ಸಾಲು ಕಾಣ್ತದಲ್ಲ, ಮ್ಯಾಲಿಂದ ಕೆಳಗಿನತನ ಒಂದೇ ಮಾತು. ಇಪ್ಪತ್ತೆರಡು ಸಲ ಬರದಾರ. ಇದು ತಬಿಯತ್ತಿನ ಖಾನೆ. ಮಾತು ಯಾವುದು ಗೊತ್ತದನು? ಆರಾಮ."

ಶಿವರಾಯ ಆ ಸಾಲನ್ನು ನೋಡಿದ. ಒಂದರ ಕೆಳಗೊಂದು, ಒಂದೇ ಆಕಾರ, ಕಲ್ಲು ಜೋಡಿಸಿಟ್ಟಂತೆ.

"ಅವ ಮಾತಾಡಸ್ದ ಅಯ್ನೋರ. ಮಾತಾಡಸ್ದವರಿಗೆ ಎಲ್ಲಾರೂ ಹಂಗೇ ಅಂತಾರ. ಅದು ರಿವಾಜು."

"ರಿವಾಜಿಗೆ ಖಾನೆ ಇಲ್ಲ ತಮ್ಮ. ಆರಾಮಕ್ಕ ಅದ." ಮಡಿವಾಳಯ್ಯ ಕಾಗದ ಮಡಚಿದ. "ಮಾಲಕರು ಓದಿ ಭಾಳ ಖುಷಿ ಆದ್ರು. ಚಾಳದಾಗ ಧೂಳಿನ ಬ್ಯಾನಿಯವರು ಒಬ್ಬರೂ ಇಲ್ಲ ಅಂದಮ್ಯಾಗ ಗೇಟಿಗೆ ಯಾರಾದ್ರ ಏನು ಅಂದ್ರು. ನಾ ಏನ್ ಹೇಳ್ಲಿ?"

"ತಿದ್ದಸಾಕ ಬರಂಗಿಲ್ಲೇನ್ರಿ?"

"ಬರ್ತದ. ಡಾಕ್ಟರ ಚೀಟಿ ಹಚ್ಚಬೇಕು."

ಶೆಡ್ಡಿನಿಂದ ಉಳಿಯ ಸದ್ದು ಬರುತ್ತಿತ್ತು.

"ನನ್ನ ಮನಿನೂ ಇದೇ ಕಾರಖಾನೆದು, ಶಿವರಾಯ," ಎಂದ ಮಡಿವಾಳಯ್ಯ. "ನನಗ ಸಕ್ಕರಿ ಬ್ಯಾನಿ ಬಂದು ಮೂರು ವರ್ಷ ಆಯ್ತು. ನಾನೂ ಆರಾಮ ಅಂತೇ ಬರಸೀನಿ. ಹೋಗು, ಹಾಜರಿ ತಪ್ತದ."

ಸಂಜೆ ಸಾಬಮ್ಮನಿಗೆ ಎಲ್ಲವನ್ನೂ ಹೇಳಿದ. ಅವಳು ಅಳಲಿಲ್ಲ. "ಅಷ್ಟು ಹೇಳಿ ಕೊಟ್ಟಿದ್ದೆ. ಯಾಕ ಹಂಗಂದ್ರಿ?" ಎಂದು ಕೇಳಿದಳು.

"ಅವ ಹಂಗ ಕೇಳ್ದ."

"ಕೇಳಿದ್ರ?"

"ನಿನಗ ಯಾರರೆ ಬಂದು ಆರಾಮ ಅದೀ ಏನು ಅಂದ್ರ ನೀ ಏನಂತಿ?"

ಸಾಬಮ್ಮ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಯೋಚಿಸಿದಳು. "ಆರಾಮ ಅಂತೀನಿ," ಎಂದಳು.

ನಾಲ್ಕು ದಿನದ ಮೇಲೆ ಗುಂಡಮ್ಮನನ್ನು ಸೇಡಮ್ಮಿನಿಂದ ಕರೆತಂದರು. ಖೋಲಿಯ ಒಂದು ಮೂಲೆ ಅವಳದಾಯಿತು. ಹೆರಿಗೆ ಮಾರ್ಚಿನಲ್ಲಿ, ಆಮೇಲೆ ಐದು ತಿಂಗಳು ಬಾಣಂತನ. ಶಿವರಾಯ ಬೆರಳು ಮಡಚಿ ಎಣಿಸಿದ. ಶ್ರಾವಣದವರೆಗೆ ಅವನ ಹೆಸರು ಹಾಜರಿಯಲ್ಲಿ ಇರಬೇಕು. ಮೂಗಿಗೆ ಒದ್ದೆ ಅರಿವೆ ಕಟ್ಟಿಕೊಂಡು ಕಡಿಯತೊಡಗಿದ. ಅರಿವೆ ಮಧ್ಯಾಹ್ನದ ಹೊತ್ತಿಗೆ ಒಣಗಿ ಗಟ್ಟಿಯಾಗಿ ಹಪ್ಪಳದಂತೆ ಆಗುತ್ತಿತ್ತು. ಕೆಮ್ಮು ಬಂದಾಗ ಕಲ್ಲಿನ ರಾಶಿಯ ಹಿಂದೆ ಹೋಗಿ ಕೆಮ್ಮಿ ಬರುತ್ತಿದ್ದ. ಮೇಸ್ತ್ರಿ ನೋಡಿಯೂ ನೋಡದಂತೆ ಇರುತ್ತಿದ್ದ. ಎಷ್ಟು ದಿನ ಹಾಗೆ ಇರುತ್ತಾನೆ ಎನ್ನುವುದು ಮೇಸ್ತ್ರಿಯ ಮರ್ಜಿ.

ಫೆಬ್ರವರಿಯ ಕೊನೆಯಲ್ಲಿ ಗನಿಸಾಬ ಸ್ಟೇಷನ್ನಿನಿಂದ ಸುದ್ದಿ ತಂದ. "ಆ ಆರಾಮ ಸಾಬ್ ಮತ್ತ ಬರಾಕತ್ಯಾನ. ಅವನ ದೊಡ್ಡ ಸಾಹೇಬ ಹಾಳಿ ವಾಪಸ್ ಒಗದಾನಂತ. ಇಪ್ಪತ್ತೆರಡು ಮಂದಿಗೆ ಇಪ್ಪತ್ತೆರಡೂ ಮಂದಿ ಆರಾಮ ಇರೂ ಚಾಳ ಜನ್ನತಿನಾಗೂ ಇಲ್ಲ, ಹೋಗಿ ನೆಟ್ಟಗ ಕೇಳಿ ಬಾ ಅಂದಾನಂತ. ಈ ಸಲ ಬ್ಯಾನಿ ಅದ ಅಂದವರಿಗೆ ಕಲಬುರ್ಗಿ ದವಾಖಾನಿಗೆ ಕರಸ್ತಾರಂತ."

"ಕರಸಿ?" ಎಂದಳು ಸಾಬಮ್ಮ.

"ಕರಸಿ ಚೀಟಿ ಕೊಡ್ತಾರಂತ, ಬೇಟಿ."

ಸಾಬಮ್ಮ ಒಳಗೆ ಹೋದಳು.

ಸಿರಾಜುದ್ದೀನ ಬರುವ ಭಾನುವಾರ ಬೆಳಿಗ್ಗೆಯಿಂದಲೇ ಶಿವರಾಯನ ಕೆಮ್ಮು ನಿಂತಿರಲಿಲ್ಲ. ಸಾಬಮ್ಮ ಬಿಸಿನೀರು ಕುಡಿಸಿದಳು, ಬೆಲ್ಲ ತಿನ್ನಿಸಿದಳು, ಅಂಗಾತ ಮಲಗಿಸಿದಳು. ಮಲಗಿದರೆ ಇನ್ನೂ ಜಾಸ್ತಿ. ಸಿರಾಜುದ್ದೀನ ಈ ಸಲ ಬೇವಿನ ಮರದ ಕೆಳಗೆ ಕೂರಲಿಲ್ಲ. ಖೋಲಿಯಿಂದ ಖೋಲಿಗೆ ಬಂದು ಹೊಸ್ತಿಲ ಮೇಲೆ ಕುಳಿತು ಒಬ್ಬೊಬ್ಬರನ್ನೇ ಕೇಳುತ್ತಿದ್ದ. ಹನ್ನೆರಡನೇ ಖೋಲಿಯಲ್ಲಿ ಅವನ ದನಿ ಕೇಳಿಸಿತು. ಸಾಬಮ್ಮ ಒಲೆ ಹೊತ್ತಿಸಿ ಹಂಚಿಟ್ಟಳು. ಹದಿಮೂರರಲ್ಲಿ ಕೇಳಿಸಿದಾಗ ಡಬ್ಬಿಯಿಂದ ಒಂದು ಹಿಡಿ ಒಣ ಮೆಣಸಿನಕಾಯಿ ತೆಗೆದು ಕಾದ ಹಂಚಿನ ಮೇಲೆ ಹಾಕಿದಳು.

ಅವನು ಹದಿನಾಲ್ಕರ ಹೊಸ್ತಿಲಿಗೆ ಬರುವಷ್ಟರಲ್ಲಿ ಖೋಲಿಯ ತುಂಬ ಘಾಟು. ಗುಂಡಮ್ಮ ಮೂಲೆಯಲ್ಲಿ ಹೊಟ್ಟೆ ಹಿಡಿದುಕೊಂಡು ಕೆಮ್ಮುತ್ತಿದ್ದಳು. ಶಿವರಾಯ ಕೆಮ್ಮುತ್ತಿದ್ದ. ಸಾಬಮ್ಮ ಸೀನಿದಳು, ಕೆಮ್ಮಿದಳು. ಖೋಲಿಗೆ ಇದ್ದದ್ದು ಒಂದೇ ಬಾಗಿಲು, ಅದರಲ್ಲಿ ಸಿರಾಜುದ್ದೀನ ಕುಳಿತಿದ್ದ. ಅವನಿಗೂ ಕೆಮ್ಮು ಹತ್ತಿತು.

"ಇದೇನಮ್ಮ?"

"ಖಾರ ಹುರಿಯಾಕತ್ತೀನ್ರಿ ಸಾಹೇಬ್ರ. ಬರ್ರಿ, ಕುಂದ್ರಿ. ಬಾಣಂತನಕ್ಕ ಖಾರ ಬೇಕಲ್ರಿ."

ಬಾಣಂತಿಗೆ ಇಷ್ಟು ಖಾರ ಕೊಡುವವರು ಯಾರೂ ಇಲ್ಲ. ಸಿರಾಜುದ್ದೀನನಿಗೂ ಅದು ಗೊತ್ತಿರಬೇಕು. ಅವನು ಕಣ್ಣೊರೆಸಿಕೊಂಡು ಹಾಳೆ ತೊಡೆಯ ಮೇಲೆ ಇಟ್ಟುಕೊಂಡ.

"ಶಿವರಾಯ, ಈ ಸಲ ಆರಾಮ ಅದೀರಿ ಏನಂತ ನಾ ಕೇಳಂಗಿಲ್ಲ. ಹೋದ ಸಲ ನಂದು ತಪ್ಪಾಗ್ಯಾದ. ನೆಟ್ಟಗ ಕೇಳ್ತೀನಿ. ಬ್ಯಾನಿ ಏನರೆ ಅದನು?"

ಶಿವರಾಯನನ್ನು ಕೆಮ್ಮು ಬಿಡಲಿಲ್ಲ.

"ನೀವು ಕೆಮ್ಮಾಕತ್ತೀರಿ."

"ನೀವೂ ಕೆಮ್ಮಾಕತ್ತೀರಲ್ರಿ," ಎಂದ ಶಿವರಾಯ ಕಡೆಗೆ.

"ನಾ ಖಾರಕ್ಕ."

"ನಾನೂ ಖಾರಕ್ಕೇರಿ."

ಸಿರಾಜುದ್ದೀನ ಲೇಖನಿಯನ್ನು ಹಾಳೆಯ ಮೇಲೆ ಹಿಡಿದೇ ಇದ್ದ. "ಹೇಳಿದ್ರ ಬರಿತೀನಿ. ಆಮ್ಯಾಲ ನಾ ಬರೂದೂ ಇಲ್ಲ. ಈ ವರ್ಷ ಮುಗಿಯೂದ್ರಾಗ ಈ ದಫ್ತರೇ ಇರಂಗಿಲ್ಲ."

"ಬರದ್ರ ಏನಾಗ್ತದ್ರಿ?"

"ಕಲಬುರ್ಗಿಗೆ ಕರೀತಾರ. ದೊಡ್ಡ ಡಾಕ್ಟರು ನೋಡ್ತಾರ."

"ಆಮ್ಯಾಲ?"

"ಬರದು ಕೊಡ್ತಾರ."

"ಏನಂತ?"

ಸಿರಾಜುದ್ದೀನ ಹಾಳೆಯ ಕಡೆ ನೋಡಿದ. "ಎರಡರಾಗ ಒಂದು," ಎಂದ.

ಗುಂಡಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಗೋಡೆಗೆ ಒರಗಿದ್ದಳು. ಸಾಬಮ್ಮ ಹಂಚಿನ ಮೇಲಿನ ಮೆಣಸಿನಕಾಯಿ ತಿರುವುತ್ತಿದ್ದಳು. ಗಂಡನ ಕಡೆ ನೋಡಲಿಲ್ಲ. ಶಿವರಾಯ ಉಸಿರು ಹಿಡಿದ. ಎದೆಯಲ್ಲಿ ಏನೋ ಕೆರೆಯುತ್ತಿತ್ತು. ಹಾಜರಿ ಕೂಗಿದಾಗ ಹೇಳುವ ಹಾಗೆ ಒಂದೇ ಉಸಿರಿನಲ್ಲಿ ಹೇಳಿದ.

"ಆರಾಮ ಅದೀನ್ರಿ."

ಸಿರಾಜುದ್ದೀನ ಬರೆದ. ಮಸಿಯ ಡಬ್ಬಿ ತೆರೆದ. ಶಿವರಾಯ ಹೆಬ್ಬೆಟ್ಟು ಒತ್ತುವಾಗ ಕೆಮ್ಮು ಬಂದು ಗುರುತು ಎರಡು ಕಡೆ ಬಿತ್ತು. ಒಂದು ಸಾಕು ಎಂದು ಸಿರಾಜುದ್ದೀನ ಹಾಳೆ ಎತ್ತಿಕೊಂಡು ಎದ್ದ.

"ನೀವು ಆರಾಮ ಅದೀರೇನ್ರಿ ಸಾಹೇಬ್ರ?" ಎಂದಳು ಸಾಬಮ್ಮ. ಬಂದವರನ್ನು ಕೇಳದೆ ಕಳಿಸುವುದು ಅವಳಿಗೆ ಗೊತ್ತಿರಲಿಲ್ಲ.

"ಆರಾಮ, ಅಮ್ಮ," ಎಂದು ಅವನು ಹೋದ.

ಪಕ್ಕದ ಖೋಲಿಯಿಂದ ಗನಿಸಾಬನ ದನಿ ಕೇಳಿಸಿತು. "ಬರ್ರಿ ಸಾಬ್, ಬರ್ರಿ. ಘಾಟು ನಮ್ಮ ತನಕ ಬಂದದ. ನಾ ಕೆಮ್ಮಾಕತ್ತೀನಿ, ನಮ್ಮ ಸೈದಾನಬಿ ಕೆಮ್ಮಾಕತ್ಯಾಳ. ಎಲ್ಲಾರೂ ಆರಾಮ ಅದೀವಿ. ಕುಂದ್ರಿ."

ಸಾಬಮ್ಮ ಹಂಚು ಇಳಿಸಿ ನೀರು ಸುರಿದಳು. ಹಂಚು ಚುಂಯ್‌ಗುಟ್ಟಿತು. ಸ್ವಲ್ಪ ಹೊತ್ತಿಗೆ ಗುಂಡಮ್ಮನ ಕೆಮ್ಮು ನಿಂತಿತು. ಗೋಡೆಯಾಚೆ ಸೈದಾನಬಿಯದೂ ನಿಂತಿತು, ಗನಿಸಾಬನದೂ ನಿಂತಿತು. ಶಿವರಾಯನದು ನಿಲ್ಲಲಿಲ್ಲ. ಅವನು ಕೌದಿಯನ್ನು ಬಾಯಿಗೆ ತುರುಕಿಕೊಂಡು ನೆಲಕ್ಕೆ ಬಾಗಿದ.

ಸಾಬಮ್ಮ ಗೋಡೆಗೆ ಕಿವಿ ಇಟ್ಟಳು. ಸಿರಾಜುದ್ದೀನ ಇನ್ನೂ ಹದಿನೈದರಲ್ಲೇ ಇದ್ದ. ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ತೋರಿಸುತ್ತಿದ್ದ. ಅವಳು ಒದ್ದೆ ಹಂಚನ್ನು ಮತ್ತೆ ಒಲೆಯ ಮೇಲಿಟ್ಟು, ಡಬ್ಬಿಯೊಳಗೆ ಕೈ ಹಾಕಿ, ಇನ್ನೊಂದು ಹಿಡಿ ತೆಗೆದಳು.